ಆರುವ ಕ್ರಮ

ಗೋಬಿ ಗಾಡಿಯ ಕೊಟ್ರೇಶಿ ಬಂದು
ಮೊಬೈಲು ಹಿಡಿದ ಮುಖದ ಮುಂದೆ:
'ಇದೊಂದು ಅಕ್ಷರ ಬರಕೊಡಪ್ಪ ದುಗ್ಗೇಶಿ,
ಕೆಂಪಗೆ, ದೊಡ್ಡದಾಗಿ. ಚೀನಾದ ಬೆಂಕಿ ಅಂತೆ.'

ಫ್ಲೆಕ್ಸು ಬಂದು ಎಷ್ಟೋ ವರ್ಷ.
ಲಾರಿ ನಂಬರು, 'ಇಲ್ಲಿ ಮೂತ್ರ ಮಾಡಬಾರದು',
ಅಷ್ಟರಲ್ಲೇ ಜೀವ ಹಿಡಿದಿದ್ದ ಅಳಿಲುಗೂದಲ ಬ್ರಷ್ಷು
ಸೀಮೆಎಣ್ಣೆ ಡಬ್ಬಿಯಿಂದ ತಲೆ ಎತ್ತಿತು.

ಕಂಡದ್ದನ್ನು ಬರೆಯುವುದು ಎಷ್ಟರ ಕೆಲಸ?
ಕಾಲಗಲಿಸಿ ನಿಂತ ಒಬ್ಬ ಮನುಷ್ಯ,
ಅವನ ಎಡಕ್ಕೊಂದು ಚುಕ್ಕಿ, ಬಲಕ್ಕೊಂದು.
ಹತ್ತು ನಿಮಿಷ.
ನೂರೈವತ್ತು ರೂಪಾಯಿ, ಮೇಲೊಂದು ಪ್ಲೇಟು ಗೋಬಿ.

ಮೂರನೇ ಸಂಜೆ ಜಯದೇವ ಸರ್ಕಲ್ಲಿನಲ್ಲಿ
ಗಾಡಿಯ ಮುಂದೆ ನಿಂತಿದ್ದಳು ಬಾತಿಯ ಹುಡುಗಿ ನಿಖಿತಾ.
ಚೀನಾಕ್ಕೆ ಡಾಕ್ಟರಿಕೆ ಓದಲು ಹೋಗಿ
ರೋಗದ ವರ್ಷ ವಾಪಸು ಬಂದವಳು,
ಉಳಿದ ಪಾಠವೆಲ್ಲ ಮಾಳಿಗೆ ಮೇಲೆ, ಫೋನಿನಲ್ಲಿ.
ಕಡ್ಡಿಗೆ ಚುಚ್ಚಿದ ಗೋಬಿ ಬಾಯಿಗೆ ಹೋಗದೆ ನಿಂತಿತು.
'ಯಾರು ಬರೆದದ್ದು? ಅಕ್ಷರ ಸರಿ ಐತೆ.
ಬರೆದ ರೀತಿ ತಪ್ಪು.'

ಸಿಟ್ಟು ಬಂತು ನನಗೆ.
ಒಣಗಿದ ಎನಾಮಲ್ಲಿನೊಳಗೆ
ಯಾವ ಗೆರೆ ಮೊದಲು, ಯಾವುದು ಕೊನೆ,
ಯಾವ ಜಡ್ಜು ಹೇಳಿಯಾನು?
ಅವಳು ಉಗುರಿಟ್ಟು ತೋರಿಸಿದಳು:
ಚುಕ್ಕಿಯ ಬಾಲ ಕಾಲಿನ ಮೇಲೆ ಹತ್ತಿತ್ತು.
'ನೀವು ಮೊದಲು ಆಳನ್ನ ನಿಲ್ಲಿಸಿ
ಆಮೇಲೆ ಎರಡೂ ಕಡೆಯಿಂದ ಬೆಂಕಿ ಹಚ್ಚೀರಿ.
ಹಂಗಲ್ಲ ಅಂಕಲ್. ಮೊದಲು ಕಿಡಿ.
ಎಡದ್ದು. ಬಲದ್ದು.
ಆಮೇಲೆ ನಡುವೆ ಬಂದು ನಿಲ್ತಾನೆ ಮನುಷ್ಯ.'

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಚೌಕಿಪೇಟೆಯ ಗೌಸ್‌ಪೀರ್ ಉಸ್ತಾದರು,
ತಲೆಕಟ್ಟು ಮೊದಲೆಳೆದದ್ದಕ್ಕೆ
ನನ್ನ ಗೆಣ್ಣಿನ ಮೇಲೆ ಅವರ ಕೋಲಿನ ಏಟು:
'ಗೋಡೆ ಏಳದೆ ಸೂರು ಹಾಕ್ತೀಯೇನೋ?'

ಬಣ್ಣ ಬೇಡ, ಬರೇ ನೀರಲ್ಲಿ ತಿದ್ದಿರಿ ಅಂದಳು.
ಏಪ್ರಿಲ್ ತಿಂಗಳು. ಅಂಗಡಿ ಮುಂದಿನ ಕಡಪ ಕಲ್ಲು.
ಅಡ್ಡ ಮೊದಲು, ಉದ್ದ ಆಮೇಲೆ.
ಮೇಲಿಂದ ಕೆಳಕ್ಕೆ.
ನೀರು ಅನ್ನುವುದಕ್ಕೆ ನಡುಗಂಬವೇ ಮೊದಲು,
ಬೆಂಕಿಗೆ ಅದು ಕಡೆಗೆ. ಯಾಕೆ ಅಂದರೆ
'ಯಾಕೆ ಅಂತ ನಾವೂ ಕೇಳಲಿಲ್ಲ' ಅಂದಳು.
ಪೆಟ್ಟಿಗೆಯಂಥ ಅಕ್ಷರಕ್ಕೆ ಒಳಗಿನದೆಲ್ಲ ತುಂಬಿ
ತಳದ ಗೆರೆ ಕಟ್ಟಕಡೆಗೆ ಎಳೆಯಬೇಕು.
ಇದೊಂದು ನನಗೆ ತಟ್ಟನೆ ತಿಳಿಯಿತು:
ಮಂಡಕ್ಕಿ ಭಟ್ಟಿಯಲ್ಲಿ ಅವ್ವ
ಚೀಲ ತುಂಬಿದ ಮೇಲೆ ತಾನೆ
ದಬ್ಬಣ ಹುಡುಕುತ್ತಿದ್ದದ್ದು.

ದಾವಣಗೆರೆ ಬಿಸಿಲಿಗಿಂತ ಬಿಗಿಯಾದ ಮೇಷ್ಟ್ರಿಲ್ಲ.
ಬರೆದು, ಮಂಡಿ ಹಿಡಿದು ಏಳುವುದರೊಳಗೆ
ಮೊದಲ ಕಿಡಿ ಮೊದಲು ಆರಿತು.
ಬಲದ್ದು ಅದರ ಹಿಂದೆ.
ಆಮೇಲೆ ಎಡಗಾಲು, ತೊಡೆಯಿಂದ ಕೆಳಕ್ಕೆ.
ಬಲದ ಹಿಮ್ಮಡಿಯೊಂದು ಉಳಿದು
ಒಂದು ಉಸಿರು ಹೊಳೆದು
ಅದೂ ಇಲ್ಲ.
ಕ್ರಮ ತಪ್ಪಿಸಿದ ದಿನ ಬಿಸಿಲೇ ಚಾಡಿ ಹೇಳುತ್ತಿತ್ತು:
ಮನುಷ್ಯ ಮೊದಲು ಹೋಗಿ
ಕಿಡಿಗಳೆರಡೇ ಕಲ್ಲಿನ ಮೇಲೆ ಕಣ್ಣು ಬಿಟ್ಟುಕೊಂಡಿದ್ದವು.

ಹೇಳಿದೆ ಅವಳಿಗೆ:
ಒದ್ದೆ ಆರುವುದಕ್ಕೂ ಬೆಂಕಿ ಆರುವುದಕ್ಕೂ
ನಮ್ಮಲ್ಲಿ ಒಂದೇ ಮಾತು ನೋಡವ್ವ.
ಅವಳು ಸುಮ್ಮನೆ ಬೆರಳು ಮಡಿಚುತ್ತ
ಅಲ್ಲಿ ಅದಕ್ಕೆ ಎಷ್ಟು ಮಾತು ಅಂತ ಎಣಿಸತೊಡಗಿದಳು.
ಆಮೇಲಿನ ವಾರ ಪರೀಕ್ಷೆಗೆ ಕಟ್ಟಲು ಹುಬ್ಬಳ್ಳಿಗೆ ಹೋದಳು.

ಉಜ್ಜುಕಾಗದ ಹಿಡಿದು ಹಳೆಯದನ್ನು ಕೆರೆದು
ಪುಕ್ಕಟೆ ಮತ್ತೆ ಬರೆದೆ.
'ಮೊದಲಿನ ಹಂಗೇ ಐತಲ್ಲೋ!' ಅಂದ ಕೊಟ್ರೇಶಿ.
ಗಾಡಿಯ ಮುಂದೆ ಒಂದು ಮಗು: ಇದೇನು?
'ಅದಾ? ಖಾರ ಜಾಸ್ತಿ ಅಂತ.'

ಒಂದು ಮಧ್ಯಾಹ್ನ ಗಿರಾಕಿ ಇಲ್ಲ.
ಬ್ರಷ್ಷು ಅದ್ದಿ ನನ್ನ ಹೆಸರೇ ಬರೆದೆ,
ನಲವತ್ತು ವರ್ಷ ಕೈ ಮಾಡಿದ್ದನ್ನು
ಕಣ್ಣು ಮೊದಲ ಸಲ ನೋಡಲಿ ಅಂತ.
ದಕಾರದ ಹೊಟ್ಟೆ ಆರಿತು. ಆಮೇಲೆ ತಲೆಕಟ್ಟು.
ಸರಿ, ಉಸ್ತಾದರೇ.
ಕೊಂಬು ಹೋಯಿತು. ಒತ್ತು ಹೋಯಿತು.
ಶಿ ಇನ್ನೂ ಒದ್ದೆ ಇರುವಾಗ
ಒಬ್ಬ ಬಂದು ಅದರ ಮೇಲೇ ನಿಂತು
ನಂಬರ್ ಪ್ಲೇಟಿಗೆ ಎಷ್ಟಾಗುತ್ತೆ ಅಂದ.