ಮೂರನೇ ಪಾಳಿ

ವುಚ್ ಪಟ್ಟಣದ ಭಾನುವಾರದ ಗುಜರಿ ಸಂತೆಯಲ್ಲಿ
ಆರು ಝ್ಲೋಟಿಗೆ ಬೊಗ್ನಾ ಕೊಂಡದ್ದು ಟೇಪಿನ ಒಂದು ಸುರುಳಿ.
ಡಬ್ಬಿಯ ಮೇಲೆ ಪೆನ್ಸಿಲ್ಲು: ನೇಯ್ಗೆ ವಿಭಾಗ, ಮೂರನೇ ಪಾಳಿ.
ಇಸವಿ ಅಳಿಸಿದೆ.

ಮಗ್ಗಗಳ ಖಟಪಟವನ್ನು ಕಂಪ್ಯೂಟರಿಗೆ ಇಳಿಸಿ
ಎರಡು ಸೆಕೆಂಡು ಕತ್ತರಿಸಿ, ಬಾಲಕ್ಕೆ ತಲೆ ಅಂಟಿಸಿ
ಸುತ್ತಲು ಬಿಟ್ಟಳು.
ಲಾಳಿ ಹೋದದ್ದು ತಾಳ, ಬಂದದ್ದು ಎದುರುತಾಳ;
ಕೆಳಗೊಂದು ಮಂದ್ರ, ಮೇಲೆ ಪಾಳಿಯ ಸೀಟಿ
ಚೂರು ತಗ್ಗಿಸಿ, ಚೂರು ಹಿಗ್ಗಿಸಿ.

ನಡುವೆ ಯಾರೋ ಕೆಮ್ಮುತ್ತಾರೆ.
ಹೆಂಗಸು. ಹತ್ತಿಧೂಳಿನ ಒಣ ಕೆಮ್ಮು.
ಒರೆಸಿದಳು.

ಒರೆಸಿದ್ದೇ ತಡ, ಮಗ್ಗಗಳು ಬರೀ ಮಗ್ಗಗಳಾದವು.
ಲೆಕ್ಕ ಸರಿಯಿದೆ, ಕುಣಿತವಿಲ್ಲ.
ರಾತ್ರಿ ಎರಡಕ್ಕೆ ಮತ್ತೆ ಹುಡುಕಿ ತಂದು
ನಾಲ್ಕನೇ ಪೆಟ್ಟಿಗೆ ಕೂದಲೆಳೆಯಷ್ಟು ಮೊದಲು
ಕೂರಿಸಿದಳು ಆ ಕೆಮ್ಮನ್ನು.

ಶನಿವಾರ, ಗಿರಣಿಯೊಂದರ ಹಾಳು ಗೋದಾಮಿನ ಕ್ಲಬ್ಬಿನಲ್ಲಿ
ಇನ್ನೂರು ಜನರ ಮೊಣಕಾಲು ಒಟ್ಟಿಗೆ ಬಾಗುತ್ತವೆ
ಆಕೆ ಕೆಮ್ಮಿದಾಗಲೆಲ್ಲ.
ಬೆವರುತ್ತಾರೆ, ಕೇಕೆ ಹಾಕುತ್ತಾರೆ,
ಇನ್ನೊಮ್ಮೆ ಎನ್ನುತ್ತಾರೆ.

ಇನ್ನೊಮ್ಮೆ.
ಬೊಗ್ನಾ ಗುಂಡಿ ಒತ್ತುತ್ತಾಳೆ.
ತನಗೆಂದು ತಂದಿಟ್ಟ ನೀರನ್ನು ಮುಟ್ಟದೆ
ಸ್ಪೀಕರಿನ ಹತ್ತಿರಕ್ಕೆ ಸರಿಸುತ್ತಾಳೆ.
ಲೋಟದೊಳಗೆ ಉಂಗುರ, ಮತ್ತೆ ಉಂಗುರ.