ಬಲಿತ ಕಾಯಿ

ಕುಣಿಗಲ್ ದಾಟಿ ಹುಲಿಯೂರುದುರ್ಗದ ದಾರಿಯಲ್ಲಿ
ಬೋರ್ಡು ಕಾಣುವ ಮೊದಲೇ ಮೂಗಿಗೆ ವಿನೆಗರ್.
ಅಲ್ಲಿ ನನ್ನ ಮೇಜು. ಹನ್ನೊಂದು ವರ್ಷ
ನಾನು ತುಂಬಿದ್ದು ಒಂದೇ ಕಾಗದ, ಮೂಲದ ಪ್ರಮಾಣಪತ್ರ:
ಈ ಡ್ರಮ್ಮಿನೊಳಗಿನ ಮಿಡಿಸೌತೆ ಈ ನೆಲದ್ದೇ,
ಆದಕಾರಣ ದಯವಿಟ್ಟು
ಸುಂಕವಿಲ್ಲದೆ ಒಳಗೆ ಬಿಟ್ಟುಕೊಳ್ಳಿ.

ಬೀಜ ಹಡಗಿನಲ್ಲಿ ಬಂದದ್ದು. ಉಪ್ಪು ತೂತ್ತುಕುಡಿಯದು.
ಡ್ರಮ್ಮು ಪೀಣ್ಯದ್ದು.
ಬಳ್ಳಿ ಹಬ್ಬಿಸಿದ ಹುರಿ ಮಾತ್ರ ಯಡಿಯೂರಿನ ಅಂಗಡಿಯದು.
ಮೊಹರು ಒತ್ತುವಾಗ ನನಗೆ ಅನುಮಾನ ಬಂದದ್ದಿಲ್ಲ.

ಶೆಡ್ಡಿನಲ್ಲಿ ಸಣ್ಣೀರಮ್ಮನ ಬೆರಳಿಗೆ ಅಳತೆಕೋಲು ಬೇಡ.
ಕಿರುಬೆರಳಷ್ಟಿದ್ದರೆ ಮೊದಲ ಬುಟ್ಟಿ,
ಹೆಬ್ಬೆರಳಷ್ಟಾದರೆ ಮೂರನೆಯದು,
ಒಂದೇ ಒಂದು ರಾತ್ರಿ ತಡವಾಗಿ ಕಿತ್ತದ್ದು
ಹಿಂದಿನ ಬಾಗಿಲಿಂದ ಮೂಡ್ಲಗಿರಯ್ಯನ ಎಮ್ಮೆಗೆ.
'ಬಲ್ತೋಗೈತೆ' ಅನ್ನುತ್ತಾಳೆ. ಆ ತೀರ್ಪಿಗೆ ಅಪೀಲಿಲ್ಲ.

ಸೋಮವಾರ ಆಚೆ ದಡದ ಪತ್ರ ಬಂತು. ಎರಡು ಸಲ ಓದಿದೆ.
ನಿಮ್ಮ ದೇಶ ಬೆಳೆದಿದೆ, ಸಂತೋಷ.
ಎಳೆಯರಿಗೆಂದು ಇಟ್ಟ ರಿಯಾಯಿತಿ
ಬರುವ ಒಂದನೇ ತಾರೀಕಿನಿಂದ ನಿಮಗಿಲ್ಲ.
ಸುಂಕ ನೂರಕ್ಕೆ ಒಂಬತ್ತು. ನಮಗೆ ಉಳಿಯುತ್ತಿದ್ದದ್ದು ಆರು.

ತುಮಕೂರಿನ ಸಭೆಯಲ್ಲಿ ಒಬ್ಬರು ಹೇಳಿದರು,
ಬೇರೆ ಮಾರುಕಟ್ಟೆ ಹುಡುಕಿ.
ಇನ್ನೊಬ್ಬರು, ನಾವೂ ಸುಮ್ಮನಿಲ್ಲ,
ಅವರ ಸೇಬಿಗೆ ಸುಂಕ ಏರಿಸಿದ್ದೇವೆ.
ಸೇಬಿಗೆ ಏರಿಸಿದರೆ ಸೌತೆಗೆ ಏನು ಇಳಿಯಿತು ಸ್ವಾಮಿ,
ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುವಷ್ಟರಲ್ಲಿ
ಬಾದಾಮಿ ಹಾಲು ಬಂತು.

ಸಣ್ಣೀರಮ್ಮನಿಗೆ ಹೇಳಿದೆ: ದೇಶ ಬೆಳೆದುಬಿಟ್ಟಿದೆಯಂತೆ,
ಅದಕ್ಕೇ ಎರಡನೇ ಪಾಳಿ ಇರುವುದಿಲ್ಲ.
ಅವಳು ನಗಲಿಲ್ಲ. ಎಮ್ಮೆಯ ರಾಶಿಯಿಂದ
ಮೊಳಕೈಯುದ್ದದ್ದೊಂದು ಆರಿಸಿ ಸೀಳಿದಳು.
'ನೋಡಿ ಸಾ, ಇಷ್ಟ್ ಬಲ್ತೈತೆ,
ಒಳಗೆ ಬೀಜ ಕಟ್ಟಿಲ್ಲ. ಈ ತಳೀನೇ ಅಂಗೆ.
ಮುಂದಿನ ಬೆಳೇಗೂ ಅವ್ರತ್ರಾನೇ ಕೈಯೊಡ್ಬೇಕು.'
ಬೆರಳ ಬಿರುಕಿನ ಉಪ್ಪನ್ನು ಸೆರಗಿಗೆ ಒರೆಸಿಕೊಂಡಳು.

ಇನ್ನು ನನ್ನ ಕಾಗದಕ್ಕೆ ಕೆಲಸವಿಲ್ಲ.
ಪೂರ್ತಿ ಸುಂಕ ಕೊಡುವವನ ಊರು ಯಾವುದೆಂದು
ನನ್ನ ಹಾಗೆ ಅಷ್ಟು ಅಕ್ಕರೆಯಿಂದ ಯಾರು ಬರೆದುಕೊಡುತ್ತಾರೆ?

ಇನ್ನೊಂದು ಕಾಯಿಯ ತುದಿ ಕೊಯ್ದು
ಅದರಿಂದಲೇ ತಿಕ್ಕಿ ತಿಕ್ಕಿ ನೊರೆ ತೆಗೆದಳು,
ಮನೆಯ ಸೌತೆಗೆ ಮಾಡುವ ಹಾಗೆ.
ಅರ್ಧ ನನಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ
ವಿನೆಗರ್ ಇಲ್ಲದೆ ಅದನ್ನು ಬಾಯಿಗಿಟ್ಟೆ.
ನೀರು. ಸ್ವಲ್ಪ ಒಗರು.
ಹಿಂಬಾಗಿಲಲ್ಲಿ ಎಮ್ಮೆ ಕಾಯುತ್ತಿತ್ತು.