ಓಡದ ಸಾಲು

ಹಾಪ್ಸಲುವಿನ ಹಡಗುಕಟ್ಟೆಯ ಕಚೇರಿಯಲ್ಲಿ
ಟಿಕೆಟ್ಟಿನ ಪುಟಕ್ಕೆ ಇದು ಐದನೆಯ ಮೈ.
ಮೊದಲು ಪರ್ಲ್, ಆಮೇಲೆ ಪಿಎಚ್‌ಪಿ,
ರೂಬಿಯ ಮೋಹ ನಾಲ್ಕೇ ಬೇಸಿಗೆ,
ನಂತರ ಒಬ್ಬ ಬಂದ, ಎಲ್ಲಕ್ಕೂ ಜಾವಾಸ್ಕ್ರಿಪ್ಟೇ ಅಂದ,
ಅವನೂ ಹೋದ. ಅವನ ಕಾಫಿ ಲೋಟ ಇದೆ.

ಈಗ ನಾನು, ಓಟ್.
ಹೊಸ ಫ್ರೇಮ್‌ವರ್ಕಿನ ಹೆಸರು ಬಾಯಲ್ಲಿ ಇನ್ನೂ ಬಿಸಿ.
ಹೆಲ್ವೆ ನಗುವುದಿಲ್ಲ.
ಬೆಕ್ಕು ಮರಿಗೆ ಏಳು ಮನೆ ತಿರುಗಿಸುವ ಹಾಗೆ
ಒಂದೇ ವೇಳಾಪಟ್ಟಿಯನ್ನು ಕತ್ತು ಕಚ್ಚಿ
ಇಪ್ಪತ್ತೇಳು ವರ್ಷ
ಭಾಷೆಯಿಂದ ಭಾಷೆಗೆ ಸಾಗಿಸಿದವಳು.

ಸಂಜೆ, ಒಂದು ಸಾಲಿನ ಕೆಳಗೆ ಹಳದಿ ಗೆರೆ ಬಿತ್ತು:
ಇದು ಓಡುತ್ತಲೇ ಇಲ್ಲ, ಅಳಿಸಬಹುದು.

ಕಡಲು ಹೆಪ್ಪುಗಟ್ಟಿದ್ದರೆ ಹಡಗು ನಿಲ್ಲಿಸು,
ಮಂಜುಗಡ್ಡೆಯ ಮೇಲಿನ ದಾರಿ ತೋರಿಸು,
ಸೀಟ್‌ಬೆಲ್ಟ್ ಕಟ್ಟಬೇಡಿ ಎಂದು ಹೇಳು.

ಬೆಲ್ಟ್ ಯಾಕೆ ಬೇಡ? ಅಂದೆ.
ಮುಳುಗುವಾಗ ಬಿಚ್ಚೋಕೆ ಹೊತ್ತಿರಲ್ಲ, ಅಂದಳು,
ಕಿಟಕಿಯಾಚೆ ನೋಡುತ್ತ.
ಫೆಬ್ರವರಿ.
ನೀರು ಬೂದುಬಣ್ಣಕ್ಕೆ ಅಲುಗುತ್ತಿತ್ತು.
ದ್ವೀಪದಿಂದ ಆರರ ಹಡಗು
ಆರಕ್ಕೇ ಬರುತ್ತಿತ್ತು.

ಲಾಗ್ ಕೆದಕಿದೆ. ಆ ಸಾಲು ಕೊನೆಗೆ ಓಡಿದ್ದು
ರೂಬಿಯ ಕಾಲದಲ್ಲಿ, ಹನ್ನೊಂದು ದಿನ.
ಷರತ್ತು ಸರಿಯಾಗಿಯೇ ಇತ್ತು.

ಅಳಿಸಲಿಲ್ಲ. ಹೊಸ ಭಾಷೆಗೆ ಬರೆದೆ,
ಸಾಲಿನ ಕೊನೆಗೆ ಅರ್ಧವಿರಾಮವೂ ಬೇಡದ ಭಾಷೆ.
ಹೆಲ್ವೆ ನನ್ನ ಬೆನ್ನ ಹಿಂದೆ ನಿಂತು ಓದಿದಳು,
ಬಗ್ಗಿ, ಮಂಜುಗಡ್ಡೆ ಎಂಬ ಪದದ ತಲೆಮೇಲೆ
ನಾನು ಮರೆತಿದ್ದ ಚುಕ್ಕಿಗಳನ್ನಿಟ್ಟಳು.
ಆಮೇಲೆ ಕೋಟು ಹಾಕಿಕೊಳ್ಳದೆಯೇ
ಹೊರಗೆ ಹೋಗಿ ನಿಂತಳು.